ಎಂಟು ಕಾಪಿ

ಡೂಂಲೈಟ್ ಸರ್ಕಲ್ಲಿನ ಹಿಂದೆ, ಅಮಾನುಲ್ಲಾ ಸಾಹೇಬರ ಸ್ಟುಡಿಯೋದಲ್ಲಿ
ಹನ್ನೊಂದು ವರ್ಷದಿಂದ ನಾನು ಹೇಳುತ್ತಿರುವುದು ಒಂದೇ ಮಾತು:
ಗದ್ದ ಸ್ವಲ್ಪ ಕೆಳಗೆ. ನಗಬೇಡಿ. ಆಯ್ತು.
ಐದು ನಿಮಿಷಕ್ಕೆ ಎಂಟು ಕಾಪಿ,
ಬಿಳಿ ಅಂಚು ಬಿಟ್ಟು ಕತ್ತರಿಸುವುದೂ ನಾನೇ.

ಕೋಲಾರದ ಅರ್ಧ ಊರು ಈ ಕತ್ತರಿಯ ಕೆಳಗೆ ಹಾದುಹೋಗಿದೆ:
ರೇಷನ್ ಕಾರ್ಡಿಗೆ, ಪಿಂಚಣಿಗೆ, ನರ್ಸಿಂಗ್ ಸೀಟಿಗೆ,
ಒಮ್ಮೆ ಸತ್ತವನೊಬ್ಬ, ಮದುವೆಯ ಗುಂಪಿನಿಂದ ಎತ್ತಿ ತೆಗೆದದ್ದು.
ಮುಖ ತೊಳೆದು ಕೊಡುವ ಗುಂಡಿಯೊಂದಿದೆ ಕಂಪ್ಯೂಟರಿನಲ್ಲಿ.
ಒತ್ತಿದರೆ ಸುಕ್ಕು ಹೋಗುತ್ತದೆ, ಸಿಡುಬಿನ ಕಲೆ ಹೋಗುತ್ತದೆ,
ಬಿಸಿಲು ಹೋಗುತ್ತದೆ.

ಚಿತ್ರಕಲೆ ಓದುವ ಹುಡುಗಿಯೊಬ್ಬಳು ಕಲರ್ ಜೆರಾಕ್ಸಿಗೆ ಬಂದಿದ್ದಳು,
ಮಾಲೂರಿನವಳು, ಉಗುರಲ್ಲೆಲ್ಲ ಇಂಕು.
ಪುಸ್ತಕದ ತುಂಬ ಡಬ್ಬಿ, ಬಾಟಲಿ; ಒಂದೇ ಮುಖ ಸಾಲು ಸಾಲು,
ತುಟಿ ಹಸಿರು, ಕೂದಲು ಹಳದಿ, ಗೆರೆ ಮೀರಿ ಜಾರಿದ ಬಣ್ಣ.
ಪಾಪ್ ಆರ್ಟ್ ಅಕ್ಕಾ, ಅಂದಳು.
ಇದನ್ನೇ ಅಲ್ಲವೇನಮ್ಮಾ ನಾನು ದಿನಾ ಮಾಡೋದು, ಅಂದೆ.
ನಕ್ಕಳು. ನಾನು ನಗಲಿಲ್ಲ.

ರಾತ್ರಿ ಟ್ರಂಕು ಕೆದಕಿದೆ. ಸಿಕ್ಕಿತು ನನ್ನದೊಂದು ಹಾಳೆ:
ಅಂಗನವಾಡಿ ಕೆಲಸದ ಅರ್ಜಿಗೆಂದು ತೆಗೆದು, ಕೊನೇ ದಿನ ದಾಟಿ,
ಕತ್ತರಿಸದೇ ಉಳಿದ ಎಂಟು ಮುನಿಲಕ್ಷ್ಮಿಯರು.
ಎಂಟೂ ಸ್ವಚ್ಛ. ಎಂಟಕ್ಕೂ ಎಡಗೆನ್ನೆಯ ಮಚ್ಚೆ ಇಲ್ಲ.
ಗುಂಡಿ ಒತ್ತಿದ ಬೆರಳು ನನ್ನದೇ.

ಸೊಣ್ಣಪ್ಪ ನಮ್ಮ ಮಾವನ ಮಗ, ಟೊಮೆಟೊ ಮಂಡಿಯಲ್ಲಿ
ಕ್ರೇಟಿಗೆ ಮಾರ್ಕು ಹೊಡೆಯುವವನು,
ತಗಡಿನಲ್ಲಿ ಅಕ್ಷರ ಕೊರೆದು, ಬಣ್ಣದ ಬಟ್ಟೆ ಒತ್ತಿ,
ಕೆ ವಿ ಆರ್, ಕೆ ವಿ ಆರ್, ಕೆ ವಿ ಆರ್.
ಮುಖ ಕೊರೀತೀಯಾ, ಕೇಳಿದೆ.
ಮುಖಕ್ಕೆ ಎಷ್ಟು ಅಕ್ಷರ, ಅಂದ.

ಕೊರೆದ. ಹುಬ್ಬೆರಡು, ಮೂಗಿನ ನೆರಳು, ತುಟಿ,
ಕೂದಲಿರುವ ಕಡೆ ದೊಡ್ಡದೊಂದು ಹರುಕು.
ಮಚ್ಚೆಗೆ ಮಾತ್ರ ನಾನೇ ಮೊಳೆಯಿಟ್ಟು ಹೊಡೆದೆ.

ಮೊದಲನೆಯದು ಮಂಡಿಯ ಕೆಂಪಿನಲ್ಲಿ. ಸಿಟ್ಟಾದವಳ ಹಾಗಿದ್ದೆ.
ನನಗೆ ಸಿಟ್ಟೇ ಬರುವುದಿಲ್ಲ ಎಂದುಕೊಂಡಿದ್ದೆ ಇಷ್ಟು ವರ್ಷ.
ಗೇಟಿಗೆ ಬಳಿದು ಮಿಕ್ಕ ನೀಲಿ ಒಂದಕ್ಕೆ.
ಇನ್ನೊಂದಕ್ಕೆ ಬೂಂದಿ ಜಾಲರಿಯ ತೂತಿನಿಂದ ಚುಕ್ಕಿ ಚುಕ್ಕಿ ಕೆನ್ನೆ;
ಅಮ್ಮ ಆ ಜಾಲರಿ ಇನ್ನೂ ಹುಡುಕುತ್ತಿದ್ದಾಳೆ.
ನಾಲ್ಕನೆಯದು ಕೆಟ್ಟಿತು, ತಗಡು ಜಾರಿ ಎರಡು ಮೂಗು.
ಅದನ್ನೇ ಹೆಚ್ಚು ಹೊತ್ತು ನೋಡಿದೆ.
ಹಳದಿಯಲ್ಲಿ ಅಪ್ಪ ಬಂದ, ಕರೆಯದೇ.
ಬಿಳಿಯ ಮೇಲೆ ಬಿಳಿ ಬಳಿದದ್ದೊಂದಿದೆ,
ಓರೆಯಾಗಿ ಹಿಡಿದರೆ ಮಾತ್ರ ಇದ್ದೇನೆ.

ಏಳು, ಎಂಟು ಇನ್ನೂ ಆಗಿಲ್ಲ.
ಅಷ್ಟರೊಳಗೆ ಒಂದು ಬೆಳಗಿನ ಜಾವ, ಕರೆಂಟಿಲ್ಲದೆ,
ಸೊಣ್ಣಪ್ಪ ಚೀಲದಿಂದ ತಪ್ಪು ತಗಡು ಎಳೆದ.
ಬೆಳಕು ಹರಿಯುವ ಹೊತ್ತಿಗೆ, ಅವನ ತಿಂಡಿ ಡಬ್ಬಿ ಕೊಡಲು ನಾನು ಹೋದರೆ
ನಲವತ್ತು ಕ್ರೇಟಿನ ಮೇಲೆ ನಾನು,
ಅಟ್ಟಿ ಅಟ್ಟಿಯಾಗಿ, ಮಚ್ಚೆ ಸಮೇತ, ಕಲ್ಕತ್ತೆಯ ಲೋಡಿಗೆ.

ಎವರಿದಿರಾ ಈ ಮಾರ್ಕು? ಮಂಡಿ ಯಜಮಾನರ ಕೂಗು,
ಮತ್ತೆ ಕನ್ನಡದಲ್ಲಿ, ಎಲ್ಲರಿಗೂ ಕೇಳಲೆಂದು: ಯಾರದ್ರೋ?
ಸೊಣ್ಣಪ್ಪ ನೆಲ ನೋಡಿದ.
ಹಮಾಲರು ನನ್ನ ನೋಡಿದರು, ಕ್ರೇಟು ನೋಡಿದರು, ಮತ್ತೆ ನನ್ನ.
ಗದ್ದ ಸ್ವಲ್ಪವೂ ಕೆಳಗಿಳಿಸದೆ
ನಂದು, ಅಂದೆ.

ಕ್ರೇಟುಗಳು ಈಗ ಒಂದೊಂದೇ ತಿರುಗಿ ಬರುತ್ತಿವೆ,
ಸವೆದು, ಅರ್ಧ ತುಟಿ ಹೋಗಿ;
ಒಂದಕ್ಕೆ ಅಲ್ಲಿ ಯಾರೋ ಮೀಸೆ ಬರೆದಿದ್ದಾರೆ, ಒಪ್ಪುತ್ತದೆ.
ಮೂವತ್ತೊಂದು ಲೆಕ್ಕಕ್ಕೆ ಸಿಕ್ಕವು.
ಮಿಕ್ಕ ಒಂಬತ್ತು ನಾನು ಎಲ್ಲಿದ್ದೇನೋ.

ಏಳನೆಯದಕ್ಕೆಂದು ಇವತ್ತು ತಗಡು ತೆಗೆದರೆ
ಮಚ್ಚೆಯ ತೂತು ಬಣ್ಣ ಕಟ್ಟಿ ಮುಚ್ಚಿದೆ.
ಮೆಟ್ಟಿಲ ಮೇಲೆ ಕೂತು, ಹೇರ್‌ಪಿನ್ನಿನಿಂದ,
ಬಿಡಿಸುತ್ತಿದ್ದೇನೆ.