ಏನಾಗಬೇಕು

ಮುಹರ್ರಕ್‌ನ ಆಸ್ಪತ್ರೆಯಲ್ಲಿ
ಕೊಟ್ಟ ಫಾರಮ್ಮಿನ ಮೂರನೇ ಸಾಲು:
ರೋಗಿಗೆ ನೀವು ಏನಾಗಬೇಕು?

ಏನಾಗಬೇಕು ನಾನು ಇಸುಬುವಿಗೆ?
ಹನ್ನೊಂದು ವರ್ಷ ಒಂದೇ ಗ್ಯಾಸು, ಒಂದೇ ನಲ್ಲಿಯ ಸರದಿ.
ಅವನ ಗೊರಕೆ ನಿಂತರೆ ನನಗೆ ಎಚ್ಚರವಾಗುತ್ತದೆ.
ಇಷ್ಟಕ್ಕೊಂದು ಶಬ್ದ ಇದೆಯೇ?
ಬರೆದೆ: ರೂಮಿನವನು.

ಡಾಕ್ಟರಮ್ಮ ಇಲ್ಲಿಯವಳೇ. ಕುರ್ಚಿ ಎಳೆದು ಹತ್ತಿರ ಕೂತಳು.
ಅವಳ ಅರಬ್ಬಿ ನರ್ಸಿನ ಮಲಯಾಳವಾಗಿ,
ಮಲಯಾಳ ಇಸುಬುವಿನ ಬ್ಯಾರಿಯಾಗಿ,
ಬ್ಯಾರಿ ನನ್ನ ತಲೆಯೊಳಗೆ ತುಳುವಾಗಿ
ಬಂದು ಮುಟ್ಟುವಷ್ಟರಲ್ಲಿ ಪ್ರಶ್ನೆಗೇ ಸುಸ್ತಾಗಿತ್ತು:
ವಾರಕ್ಕೆ ಮೂರು ಸಲ ರಕ್ತ ತೊಳೆಯುವ ಮಷೀನು
ಒಂದು ದಿನ ಸಾಲದೆ ಹೋದರೆ,
ನಿಮ್ಮ ಮಾತು ನಿಂತ ಮೇಲೆ
ನಿಮ್ಮ ಪರವಾಗಿ ಯಾರು ಮಾತಾಡಬೇಕು?
ಏನಂತ?

ಇಸುಬು ಮಂಚದ ಕಬ್ಬಿಣವನ್ನು
ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದ.
ಡ್ರೈಡಾಕಿನಲ್ಲಿ ಇಪ್ಪತ್ತೆಂಟು ವರ್ಷ
ಹಡಗುಗಳ ಹೊಟ್ಟೆಗೆ ಬೆಸುಗೆ ಹಾಕಿದವನು.
"ತಟ್ಟಿದರೆ ಗೊತ್ತಾಗುತ್ತದೆ" ಅಂದ,
"ತಗಡು ಯಾವುದು, ಬರೀ ತುಕ್ಕು ಯಾವುದು ಅಂತ.
ತುಕ್ಕಿಗೆ ಬೆಸುಗೆ ನಿಲ್ಲುವುದಿಲ್ಲ, ರಾಡು ದಂಡ.
ಅಷ್ಟಾದ ಮೇಲೆ ಗಂಟಲಿಗೆ ನಳಿಗೆ ಬೇಡ.
ನೋವಿಗೆ ಮಾತ್ರ ಏನಾದರೂ ಕೊಡಿ.
ಮಣ್ಣು ಇಲ್ಲಿಯದೇ ಆಗಲಿ,
ಪೆಟ್ಟಿಗೆಯೊಳಗೆ ವಿಮಾನ ಹತ್ತುವುದು ನನ್ನಿಂದಾಗದು."

ಬರೆದುಕೊಳ್ಳುತ್ತಿದ್ದ ನರ್ಸ್
ರಾಡು ಎಂಬಲ್ಲಿ ಪೆನ್ನು ತಡೆದಳು.
ಡಾಕ್ಟರಮ್ಮ ಕೇಳಿದ್ದು ಇನ್ನೊಂದೇ:
ಮನೆಯವರಿಗೆ ಹೇಳಿದ್ದೀರಾ?

ಶುಕ್ರವಾರ. ಉಪ್ಪಿನಂಗಡಿಗೆ ವಿಡಿಯೊ.
ಬಂಗುಡೆಯ ರೇಟಿನಿಂದ ಹೊರಟು
ಮೊಮ್ಮಗಳ ಹಲ್ಲು, ಸ್ಕೂಟರಿನ ಇನ್ಶೂರೆನ್ಸು, ಎಲ್ಲ ಸುತ್ತಿ
ಇಸುಬು ಮೆಲ್ಲಗೆ ಆ ಮಾತಿನ ಹೊಸ್ತಿಲಿಗೆ ಬಂದ.
ಜುಲೇಖಾ ಫೋನನ್ನು ಹಾಸಿಗೆಗೆ ಎಸೆದಳು.
ಹತ್ತು ನಿಮಿಷ ನಾವಿಬ್ಬರೂ
ಅವಳ ಮನೆಯ ಫ್ಯಾನು ತಿರುಗುವುದನ್ನು ನೋಡಿದೆವು.
ಅವಳು ಕಟ್ ಮಾಡಲಿಲ್ಲ.
ಅವನೂ.

ಮುಂದಿನ ಶುಕ್ರವಾರ ಅವಳೇ ಮಾಡಿದಳು.
ಮೂಗು ಕೆಂಪು. ಕೈಯಲ್ಲಿ ಮಗಳ ಕಾಪಿ ಪುಸ್ತಕ.
"ಹೇಳಿ ಉಪ್ಪಾ, ನಿಧಾನ, ಬರೆದುಕೊಳ್ಳುತ್ತೇನೆ.
ಮೊದಲು ಇದು ಹೇಳಿ:
ಆ ಹೊತ್ತಿಗೆ ಹತ್ತಿರ ಯಾರಿರುತ್ತಾರೆ?"

ಇಸುಬು ಫೋನನ್ನು ನನ್ನ ಕಡೆ ತಿರುಗಿಸಿದ.

ನಾನು ಬನಿಯನ್ನಿನಲ್ಲಿದ್ದೆ.
ಎದ್ದು ತಡಕಿದೆ, ಹಗ್ಗದ ಮೇಲೆ, ಬಾಗಿಲ ಹಿಂದೆ, ಮಂಚದಡಿ.
ದಿನಕ್ಕೆ ಇನ್ನೂರು ಅಂಗಿ ಇಸ್ತ್ರಿ ಹಾಕುವವನಿಗೆ
ತೊಡಲು ಒಂದು ಸಿಗಲಿಲ್ಲ.