ಹದಿನೇಳನೇ ಪ್ರಶ್ನೆ

ಪಾಂಡವಪುರದಾಚೆ, ನಾಲೆ ಏರಿಯ ಮೇಲೆ
ಭಾನುವಾರ ಕೋಳಿ ಕೂಗುವ ಮೊದಲೇ ಸಾಲು.
ಖಾಲಿ ಹೊಟ್ಟೆ, ಹಳದಿ ಕಣ್ಣು,
ಸೆರಗಿನ ಮರೆಯಲ್ಲಿ ಆಡಿನ ಹಾಲಿನ ತಂಬಿಗೆ.
ದೇವೀರಮ್ಮ ನೆಲನೆಲ್ಲಿ ಅರೆಯುತ್ತಾಳೆ, ಮಾತಾಡುವುದಿಲ್ಲ.
ಮಾತೆಲ್ಲ ಸಾಲಿನವರದು.

ನಾನು ಜಿಲ್ಲಾಸ್ಪತ್ರೆಯ ಸರ್ವೆಯವನು.
ಇಪ್ಪತ್ತೆರಡು ಪ್ರಶ್ನೆ, ಒಂದು ನೀಲಿ ಪೆನ್ನು.
ಹದಿನೇಳನೆಯದು: ಗುಣವಾಯಿತೆ? ಹೌದು, ಇಲ್ಲ.

"ಅದೇನ್ ಕೇಳ್ತೀಯಪ್ಪ," ಎಂದರು
ತಮ್ಮನನ್ನು ಕರೆತಂದಿದ್ದ ಬೋರಲಿಂಗೇಗೌಡರು,
"ಮೂರೇ ವಾರ. ನಾಕ್ನೇ ವಾರಕ್ಕೆ
ಆಲೆಮನೇಲಿ ಕೊಪ್ಪರಿಗೆ ಮುಂದೆ ನಿಂತಿದ್ದೆ ಕಣಯ್ಯ!"

ಸಂಜೆ ಎಣಿಸಿದೆ.
ಅರವತ್ತೊಂದು ಹೌದು.
ಇಲ್ಲ, ಒಂದೂ ಇಲ್ಲ.

ಡಾಕ್ಟರ್ ಶಹನಾಜ್ ನಗಲಿಲ್ಲ.
"ಕಾಮಾಲೆ ಎಷ್ಟೋ ಸಲ ತಾನೇ ಬರುತ್ತೆ, ತಾನೇ ಹೋಗುತ್ತೆ.
ಹೋಗುವಾಗ ಬಾಗಿಲಲ್ಲಿ ಯಾರು ನಿಂತಿರ್ತಾರೋ
ಅವರ ಕೊರಳಿಗೆ ಹಾರ."
ಆಮೇಲೆ, ಕನ್ನಡಕ ಒರೆಸುತ್ತ:
"ಇಲ್ಲ ಅನ್ನಬೇಕಾದವರು
ಆ ಸಾಲಿನಲ್ಲಿ ಯಾಕೆ ನಿಂತಾರು?"

ಮರುವಾರ ಏರಿಗೆ ಹೋಗಲಿಲ್ಲ, ಊರೊಳಗೆ ಹೋದೆ.
ಅಕ್ಕಿ ಮಿಲ್ಲಿನ ಹಿಂದಿನ ಬೀದಿ.
ಚಿಕ್ಕತಾಯಮ್ಮ ಅವರೆಕಾಯಿ ಸುಲಿಯುತ್ತಿದ್ದರು.
ಗಂಡನಿಗೂ ಅದೇ ಸೊಪ್ಪು, ಅದೇ ಹಾಲು,
ಅದೇ ಮೂರು ಭಾನುವಾರ. ನಾಲ್ಕನೆಯದು ಬರಲಿಲ್ಲ.
"ಪಥ್ಯ ಕೆಡಿಸವ್ನೆ ಅಂದ್ರು.
ನಾನೂ ಅಂಗೇ ಅಂದ್ಕಂಡೆ.
ನಮ್ಮನ್ನ ಯಾರ್ ಬಂದ್ ಕೇಳಿದ್ರು?"

ಇಲ್ಲ ಎಂದು ಗುರುತು ಹಾಕಿದೆ.
ಹಾಕುತ್ತಲೇ ಕೈ ತಡೆಯಿತು.
ಇದೂ ಒಂದೇ ಕತೆ.
ಇದನ್ನೇ ಹಿಡಿದು ದೇವೀರಮ್ಮನ ಒರಳು ಒಡೆಯಹೊರಟರೆ
ನಾನೂ ಸಾಲಿನಲ್ಲಿ ನಿಂತವನೇ,
ಮುಖ ಮಾತ್ರ ಆಚೆ ಕಡೆಗೆ.

ಎದ್ದು ಹೊರಟಾಗ ಅವರೇ ಅಂದರು,
ಸಿಪ್ಪೆ ಗುಡಿಸುತ್ತ, ನನ್ನ ಕಡೆ ನೋಡದೆ:
"ಆ ವರ್ಸ ನಮ್ ಬೀದಿಲೇ ಏಳು ಜನಕ್ಕೆ ಬಂದಿತ್ತು.
ಎಲ್ಲಾರೂ ಆ ಮೋರಿ ಪಕ್ಕದ ನಲ್ಲಿ ನೀರೇ ಕುಡೀತಿದ್ದೊ."

ಇಪ್ಪತ್ತೆರಡರಲ್ಲಿ ಇದಕ್ಕೊಂದು ಪ್ರಶ್ನೆ ಇರಲಿಲ್ಲ.
ಹಾಳೆ ತಿರುವಿ ಹಿಂಬದಿಯಲ್ಲಿ ಬರೆದೆ.
ಕುಡಿದು ಮುಗಿಸಿದ್ದ ಬಾಟಲಿಗೆ
ನಲ್ಲಿಯ ನೀರು ಹಿಡಿದೆ. ನೋಡಲು ತಿಳಿಯಾಗಿತ್ತು.
ಅದರಿಂದ ಏನೂ ತಿಳಿಯುವುದಿಲ್ಲ.

ಮಂಡ್ಯದ ಬಸ್ಸಿನಲ್ಲಿ ಬಾಟಲಿ ತೊಡೆಯ ಮೇಲೆ.
ಒಂದು ಮಾತು ಮೇಡಮ್ಮಿಗೆ ಹೇಳಿಲ್ಲ:
ಎಂಟನೇ ವಯಸ್ಸಿಗೆ ನಾನೂ ಕುಡಿದವನು,
ಅವ್ವ ಮೂಗು ಹಿಡಿದು ಬಾಯಿಗೆ ಸುರಿದ ಆ ಹಸಿರು.
ಗುಣವಾಯಿತು.
ಅವ್ವ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ.
ನಾನು ಎದುರು ಮಾತಾಡುವುದಿಲ್ಲ,
ಹೂಂ ಎನ್ನುವುದೂ ಇಲ್ಲ,
ನಾಲಿಗೆಯ ತುದಿಗೆ ಕಹಿ ಬರುತ್ತದೆ.