ಮೂವರು ಮಲ್ಲವ್ವ

ಗ್ರಂಥಾಲಯದ ಕಂಪ್ಯೂಟರಿನಾಗ
ನಮ್ಮ ಮೇಡಂ ಮೂರು ಮಂದಿ ಆಗಿದ್ರು.
ಒಬ್ಬಾಕಿಗೆ ಎರಡು ‘ವಿ’, ಒಬ್ಬಾಕಿಗೆ ಒಂದು ‘ಡಬ್ಲ್ಯು’,
ಮೂರನೇದಾಕಿಗೆ ‘ಎಲ್’ ಒಂದು ಉದುರಿ
ಮಾಲವ್ವ ಆಗಿ, ಕೇಳದ ಊರಿನ ಪತ್ರಿಕೆಯೊಳಗ
ಒಬ್ಬಾಕಿನ ಕುಂತಿದ್ಲು.
ಅಡ್ಡಹೆಸರು ಉಳ್ಳಾಗಡ್ಡಿ.
ಅದರ ಇಂಗ್ಲಿಷ್ ಕಾಗುಣಿತ ಕೇಳಬ್ಯಾಡ್ರಿ,
ಸುಲಿದಷ್ಟೂ ಪದರು.

ಬಡ್ತಿ ಸಮಿತಿ ಶುಕ್ರವಾರ.
ಫಾರ್ಮಿನ ಹದಿನಾಲ್ಕನೇ ಕಾಲಮ್ಮು:
ಒಟ್ಟು ಲೇಖನ, ಒಟ್ಟು ಉಲ್ಲೇಖ, ಎಚ್-ಇಂಡೆಕ್ಸು.
ಎಚ್-ಇಂಡೆಕ್ಸು ಅಂದ್ರ ಇಷ್ಟ:
ಏಳು ಲೇಖನ ಬರದಿರಬೇಕು, ಒಂದೊಂದನ್ನೂ
ಏಳು ಮಂದಿಯಾದ್ರೂ ನೆನಸಿರಬೇಕು, ಆವಾಗ ಏಳು.
ಎಂಟನೇದನ್ನ ಏಳ ಮಂದಿ ನೆನಸಿದ್ರ
ಮತ್ತ ಏಳ.
ನಮ್ಮ ಮೂವರದು ನಾಕು, ಮೂರು, ಎರಡು.
ಕೂಡಿಸಿದ್ರ ಒಂಬತ್ತಲ್ಲ, ಈ ಲೆಕ್ಕ ಹಂಗ ಕೂಡೂದಿಲ್ಲ.
ಎರಡು ದಿನ ಬಡಿದಾಡಿ ಮೂವರನ್ನೂ ಒಬ್ಬಾಕಿನ್ನ ಮಾಡಿದೆ.
ಆರು ಬಂತು.
ಮೇಡಂ ಚಷ್ಮಾ ತಗದು ನಕ್ರು:
‘ಮೂರು ಹೆಣ್ಣಮಕ್ಕಳು ಕೂಡಿದ್ರ ಇಷ್ಟ ಏನು?’

ಅದ್ರಾಗ ಒಂದು ಲೇಖನ ಮಾತ್ರ
ಉಳಿದವನ್ನೆಲ್ಲಾ ನುಂಗಿ ನಿಂತಿತ್ತು. ಇನ್ನೂರಾ ಹನ್ನೊಂದು ಉಲ್ಲೇಖ.
ಸುಡಾನಿನವರು, ಬ್ರೆಜಿಲಿನವರು, ಮರುಭೂಮಿಯ ಮಂದಿ.
ಏನು ಮಹಾ ವಿಷಯ ಅಂತೀರಿ?
ಫ್ರಿಜ್ ಇಲ್ಲದ ಊರಾಗ
ರಕ್ತದ ನಳಿಗಿ ಕೆಡದಂಗ ಇಡೂದು ಹೆಂಗ.
ಮಡಿಕಿಯೊಳಗ ಮಡಿಕಿ, ನಡುವ ಹಸಿ ಉಸುಕು,
ಮ್ಯಾಲ ತೊಯ್ಸಿದ ಗೋಣಿತಟ್ಟು.
ಎರಡ ಪುಟ, ಒಂದು ಚಿತ್ರ.
ಉಪಾಯ ಹೊಳದಿದ್ದು ಜೀಪಿನ ಡ್ರೈವರ್ ಹುಸೇನಸಾಬಗ,
ಅವರವ್ವ ಬ್ಯಾಸಿಗ್ಯಾಗ ಮೊಸರು ಹಂಗ ಇಡ್ತಿದ್ಲಂತ.

ಮೇಡಂ ಕೇಳಿದ್ದು ಮಾತ್ರ ಬ್ಯಾರೇದು.
‘ಮುಳುಗಡೀದು ಎಲ್ಲೈತೋ?’

ಹಿನ್ನೀರು ಏರೂ ಮೊದಲ
ಹಳೇ ಬಾಗಲಕೋಟಿ ಓಣಿಗಳಾಗ
ಮುನ್ನೂರಾ ಹನ್ನೆರಡು ಮಂದೀದು ಬಿಪಿ ಅಳದಿದ್ರು.
ಅವರು ನವನಗರಕ್ಕ ಬಂದು
ಓಣಿ ಹೋಗಿ ಸೆಕ್ಟರ್ ನಂಬರ್ ಆದ ಮ್ಯಾಲ
ಒಬ್ಬೊಬ್ಬರನ್ನೂ ಹುಡಿಕಿ ಮತ್ತ ಅಳದಿದ್ರು.
‘ಮೊದಲಿನ ಮನಿ ಬಾಗಿಲದಾಗ ಕುಂತು ಅಳೀರಿ ಬಾಯಿ,
ಕಡಿಮಿ ಬರ್ತೈತಿ’ ಅಂದಿದ್ದನಂತ ಒಬ್ಬ ಮುದುಕ.
ಆರು ವರ್ಷದ ಕೆಲಸ.
ಅಚ್ಚು ಹಾಕಿದ ಪತ್ರಿಕೆ ಮೂರನೇ ಸಂಚಿಕೆಗೆ ನಿಂತಿತು.
ಯಾವ ಪಟ್ಟಿಯೊಳಗೂ ಇಲ್ಲ.
ಉಲ್ಲೇಖ ಸೊನ್ನಿ ಅನ್ನಾಕೂ ಬರೂದಿಲ್ಲ,
ಸೊನ್ನಿ ಬೀಳಾಕ ಮೊದಲ ಹೆಸರು ಇರಬೇಕು.

ಕಪಾಟಿನ ಕೆಳಗಿನ ಖಾನ್ಯಾಗ
ಗೆದ್ದಲ ಅರ್ಧ ಓದಿದ್ದ ಪ್ರತಿ ಒಂದು ಸಿಕ್ತು.
ಕೋಷ್ಟಕ ನಾಕು. ಹೆಸರಿಲ್ಲ, ಬರೇ ನಂಬರು.
ನೂರಾ ಆರು: ಹೆಂಗಸು, ಐವತ್ತೊಂದು, ಮಗ್ಗದ ಕೆಲಸ,
ನೂರಾ ಎಪ್ಪತ್ತು, ನೂರಾ ಹತ್ತು.
ಎರಡನೇ ಅಳತಿಗೆ ಗೈರು.
ಆ ಓಣ್ಯಾಗ ಇಂಥಾಕಿ ಒಬ್ಬಾಕಿನ ಇದ್ಲು,
ನಂಗ ರೊಟ್ಟಿ ಕಟ್ಟಿ ಸಾಲಿಗೆ ಕಳಸಾಕಿ.
ಮೇಡಂಗ ಹೇಳಲಿಲ್ಲ.
ಹಾಳಿ ಹಿಡಕೊಂಡು ಸ್ವಲ್ಪ ಹೊತ್ತು ಫ್ಯಾನಿನ ಕೆಳಗ ನಿಂತೆ.

ಫಾರ್ಮಿಗೆ ಮೇಡಂ ಸಹಿ ಕನ್ನಡದಾಗ ಹಾಕಿದ್ರು.
ಲಕಾರಕ್ಕ ಲ ಒತ್ತು, ವಕಾರಕ್ಕ ವ ಒತ್ತು,
ತಪ್ಪಾಕ ದಾರಿನ ಇಲ್ಲ.
ಎದ್ದು ಹೋದವರು ಬಾಗಿಲದಾಗ ತಿರುಗಿ ನಿಂತು,
‘ಯಮನೂರಿ, ಆ ಮಡಿಕಿ ಲೇಖನದ ಕೊನೀಗೆ
ಹುಸೇನಸಾಬನ ಉಪಕಾರ ನೆನಸೇನಿ.
ಅವರು ಹಸನ್ ಸಾಹೇಬ್ ಅಂತ ಅಚ್ಚು ಹಾಕ್ಯಾರ.
ತಿದ್ದಸಾಕ ಬರ್ತೈತೇನು?’

ಇಪ್ಪತ್ತು ವರ್ಷ ಆತಲ್ರಿ, ಅಂದೆ.
ಅವ ಹೋಗೇ ನಾಕು ವರ್ಷ ಆತು.

‘ಬರದು ನೋಡು.’

ಹದಿನಾಲ್ಕನೇ ಕಾಲಮ್ಮು ಹಂಗ ಬಿಟ್ಟು
ಹೊಸಾ ಹಾಳಿ ತೆರದೆ.
ಸಂಪಾದಕರಿಗೆ, ಅಂತ ಶುರು ಮಾಡಿದೆ.
ಎರಡನೇ ಪುಟ, ಕಡೀ ಸಾಲು,
ಮೂರನೇ ಪದ.